ವಿದೇಶಿ ಆನ್‌ಲೈನ್ ಹರಾಜು ಮತ್ತು ನಕಲಿ ಸರಕು

## ನಕಲಿ ಸರಕು ಎಂದರೇನು

ನೋಂದಾಯಿತ ವ್ಯಾಪಾರ ಚಿಹ್ನೆಯೊಂದನ್ನು ಅದರ ಒಡೆಯರ ಅನುಮತಿಯಿಲ್ಲದೆ ಬಳಸಿ, ಕೊಳ್ಳುವವರು ಅಸಲಿಯೆಂದೇ ನಂಬುವಂತೆ ತಯಾರಿಸಿದ ವಸ್ತುವನ್ನು ನಕಲಿ ಸರಕು ಎನ್ನುತ್ತಾರೆ. ಕಳಪೆ ಸರಕು ಬೇರೆ, ನಕಲಿ ಸರಕು ಬೇರೆ. ಹೆಸರಿಲ್ಲದ ಅಗ್ಗದ ಚಾರ್ಜರ್ ಕಳಪೆಯಾಗಿರಬಹುದು, ಆದರೆ ಅದು ಯಾರ ಹೆಸರನ್ನೂ ಕದ್ದಿಲ್ಲ. ಹಾಗೆಯೇ ಒಂದು ದೇಶದ ಮಾರುಕಟ್ಟೆಗೆಂದು ತಯಾರಾಗಿ ಇನ್ನೊಂದು ದೇಶದಲ್ಲಿ ಬಿಕರಿಯಾಗುವ ಅಸಲಿ ವಸ್ತುವೂ ನಕಲಿಯಲ್ಲ. ಅದಕ್ಕೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು, ಅಷ್ಟೆ.

ಈ ವ್ಯಾಪಾರದ ಗಾತ್ರ ಸಣ್ಣದಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯೂ ಐರೋಪ್ಯ ಒಕ್ಕೂಟದ ಬೌದ್ಧಿಕ ಸ್ವತ್ತು ಕಚೇರಿಯೂ ಜೊತೆಗೂಡಿ ಮಾಡಿದ ಅಂದಾಜಿನಂತೆ, 2021ರಲ್ಲಿ ದೇಶದಿಂದ ದೇಶಕ್ಕೆ ಸಾಗಿದ ನಕಲಿ ಸರಕಿನ ಮೌಲ್ಯ ಸುಮಾರು 46,700 ಕೋಟಿ ಡಾಲರ್. ಇದು ಆ ವರ್ಷದ ಜಾಗತಿಕ ಆಮದಿನ ಶೇ 2.3ರಷ್ಟು. ಈ ಸರಕಿನಲ್ಲಿ ಬಹಳಷ್ಟು ಈಗ ಹಡಗಿನ ಕಂಟೇನರುಗಳಲ್ಲಿ ಬರುವುದಿಲ್ಲ. ಅಂಚೆ ಮತ್ತು ಕೊರಿಯರ್ ಮೂಲಕ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ನೇರವಾಗಿ ಮನೆ ಬಾಗಿಲಿಗೆ ಬರುತ್ತದೆ.

## ಹರಾಜು ತಾಣದ ಸ್ವರೂಪ

ಪಿಯರ್ ಒಮಿಡ್ಯಾರ್ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಆಕ್ಷನ್‌ವೆಬ್’ ಎಂಬ ಹೆಸರಿನಲ್ಲಿ ಆರಂಭಿಸಿದ ತಾಣವೇ ಇಂದಿನ ಇಬೇ. ಈ ಬಗೆಯ ತಾಣ ಅಂಗಡಿಯಲ್ಲ. ಅದು ಸರಕನ್ನು ಕೊಳ್ಳುವುದಿಲ್ಲ, ದಾಸ್ತಾನು ಇಡುವುದಿಲ್ಲ. ಬಹುಪಾಲು ವಸ್ತುಗಳನ್ನು ಅದರ ಸಿಬ್ಬಂದಿ ಕಣ್ಣಿನಿಂದಲೂ ನೋಡಿರುವುದಿಲ್ಲ. ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸಿ, ವ್ಯವಹಾರದಲ್ಲಿ ತನ್ನ ಪಾಲನ್ನು ಪಡೆಯುವುದು ಅದರ ಕೆಲಸ.

ಭಾರತದ ಬಾಝೀ ತಾಣವನ್ನು ಇಬೇ 2004ರಲ್ಲಿ ಕೊಂಡು ಇಲ್ಲಿ ವ್ಯವಹಾರ ಆರಂಭಿಸಿತು. ಇಬೇ ಇಂಡಿಯಾ 2017ರಲ್ಲಿ ಫ್ಲಿಪ್‌ಕಾರ್ಟ್ ವಶಕ್ಕೆ ಹೋಗಿ, 2018ರಲ್ಲಿ ಮುಚ್ಚಿತು. ಇಲ್ಲಿನ ನಾಣ್ಯ ಸಂಗ್ರಾಹಕರು, ಗಡಿಯಾರ ಪ್ರಿಯರು, ಹಳೆಯ ಕ್ಯಾಮೆರಾದ ಬಿಡಿಭಾಗ ಹುಡುಕುವವರು ಇಬೇಯಲ್ಲಿ ಕೊಳ್ಳಬೇಕೆಂದರೆ ಈಗ ಅದರ ವಿದೇಶಿ ತಾಣಗಳೇ ಗತಿ. ಮಾರುವವರು ಬೇರೆ ದೇಶದವರಾದಾಗ ಸ್ಥಳೀಯ ಗ್ರಾಹಕ ವೇದಿಕೆಯ ಮೂಲಕ ಅವರನ್ನು ಹಿಡಿಯುವುದು ಬಹು ಕಷ್ಟ. ಎಚ್ಚರವೆಲ್ಲ ಬಿಡ್ ಹಾಕುವ ಮೊದಲೇ ಇರಬೇಕಾದದ್ದು ಇದೇ ಕಾರಣಕ್ಕೆ.

ನಕಲಿಗೆ ತಾಣವೇ ಹೊಣೆಯಲ್ಲವೇ ಎಂಬ ಪ್ರಶ್ನೆ ಸಹಜ. ಆಭರಣ ಕಂಪನಿ ಟಿಫಾನಿ 2004ರಲ್ಲಿ ನ್ಯೂಯಾರ್ಕಿನಲ್ಲಿ ಇಬೇ ವಿರುದ್ಧ ಹೂಡಿದ ದಾವೆ ಇದೇ ಪ್ರಶ್ನೆಯನ್ನು ಎತ್ತಿತು. ಇಬೇಯಲ್ಲಿ ತನ್ನ ಹೆಸರಿನ ಬೆಳ್ಳಿ ಆಭರಣಗಳನ್ನು ಟಿಫಾನಿಯೇ ಕೊಂಡು ಪರೀಕ್ಷಿಸಿದಾಗ ಮುಕ್ಕಾಲು ಪಾಲಿನಷ್ಟು ನಕಲಿಯೆಂದು ಕಂಡುಬಂದಿತ್ತು. ಆ ಸಮೀಕ್ಷೆಯ ವಿಧಾನದಲ್ಲಿ ನ್ಯಾಯಾಲಯ ದೋಷಗಳನ್ನು ಕಂಡಿತಾದರೂ ನಕಲಿಗಳ ಪ್ರಮಾಣ ಗಣನೀಯವೆಂಬುದನ್ನು ಒಪ್ಪಿಕೊಂಡಿತು. ಆದರೂ ವ್ಯಾಪಾರ ಚಿಹ್ನೆಯ ಉಲ್ಲಂಘನೆಗೆ ಇಬೇ ಹೊಣೆಯಲ್ಲ ಎಂದು 2008ರಲ್ಲಿ ತೀರ್ಪು ಬಂತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎಲ್ಲೋ ನಕಲಿ ಇದೆ ಎಂಬ ಸಾಮಾನ್ಯ ತಿಳಿವಳಿಕೆ ಸಾಲದು, ಇಂಥ ಮಾರಾಟವೇ ನಕಲಿ ಎಂಬ ನಿರ್ದಿಷ್ಟ ಅರಿವು ತಾಣಕ್ಕಿರಬೇಕು ಎಂಬುದು ತೀರ್ಪಿನ ತಿರುಳು. ಅಂದರೆ ಅಮೆರಿಕದಲ್ಲಿ ನಕಲಿಯನ್ನು ಪತ್ತೆಮಾಡಿ ದೂರುವ ಹೊರೆ ಮುಖ್ಯವಾಗಿ ಚಿಹ್ನೆಯ ಒಡೆಯರ ಮೇಲೆಯೇ ಉಳಿಯಿತು. ಕೊಳ್ಳುವವರಂತೂ ತಮ್ಮ ಕಣ್ಣನ್ನೇ ನಂಬಬೇಕಾಯಿತು.

## ರೇಟಿಂಗ್ ಹೇಳದ ಸಂಗತಿ

ಬಹುತೇಕ ಜನ ಮೊದಲು ನೋಡುವುದು ಮಾರಾಟಗಾರರ ರೇಟಿಂಗ್. ಅಮೆರಿಕ ಸರ್ಕಾರದ ಉತ್ತರದಾಯಿತ್ವ ಕಚೇರಿ 2018ರಲ್ಲಿ ಪ್ರಕಟಿಸಿದ ವರದಿ ಈ ನಂಬಿಕೆಯ ಬುಡವನ್ನೇ ಅಲುಗಾಡಿಸುವಂಥದ್ದು. ಕಚೇರಿಯ ತನಿಖಾಧಿಕಾರಿಗಳು ಜನಪ್ರಿಯ ತಾಣಗಳ ಸ್ವತಂತ್ರ ಮಾರಾಟಗಾರರಿಂದ 47 ವಸ್ತುಗಳನ್ನು ಕೊಂಡು, ಅವನ್ನು ಚಿಹ್ನೆಯ ಒಡೆಯರಿಂದಲೇ ಪರೀಕ್ಷೆ ಮಾಡಿಸಿದರು. 20 ನಕಲಿಯಾಗಿದ್ದವು. ನೈಕಿ ಶೂಗಳೆಲ್ಲ ಅಸಲಿ. ಅರ್ಬನ್ ಡಿಕೇ ಸೌಂದರ್ಯವರ್ಧಕಗಳು ಒಂದೂ ಬಿಡದಂತೆ ನಕಲಿ. ಮಾರಿದವರೆಲ್ಲರ ರೇಟಿಂಗ್ ಶೇ 90ಕ್ಕಿಂತ ಮೇಲಿತ್ತು.

ಇದಕ್ಕೆ ಕಾರಣ ರೇಟಿಂಗಿನ ಸ್ವಭಾವದಲ್ಲೇ ಇದೆ. ಪೊಟ್ಟಣ ಬೇಗ ಬಂತೇ, ಮಾತು ಸೌಜನ್ಯದ್ದೇ ಎಂಬುದನ್ನು ಕೊಳ್ಳುವವರು ಬಲ್ಲರು. ಅಸಲಿಯೇ ಎಂಬುದನ್ನು ಬಹುಪಾಲು ಜನ ಅರಿಯರು. ನಕಲಿಯೆಂದು ತಿಳಿಯದೆ ಸಂತೋಷಪಟ್ಟವರೂ ಪೂರ್ಣ ಅಂಕವನ್ನೇ ಕೊಡುತ್ತಾರೆ. ಕೆಲವು ವಂಚಕರು ತೀರಾ ಅಗ್ಗದ ನೂರಾರು ವಸ್ತುಗಳನ್ನು ಮಾರಿ ಒಳ್ಳೆಯ ಹೆಸರು ಗಳಿಸಿ, ಅನಂತರ ದುಬಾರಿ ನಕಲಿಗಳನ್ನು ಇಳಿಸುತ್ತಾರೆ. ಆದ್ದರಿಂದ ಒಟ್ಟು ಅಂಕಕ್ಕಿಂತ, ಆ ವ್ಯಕ್ತಿ ಹಿಂದೆ ಏನನ್ನು ಮಾರಿದ್ದಾರೆ, ಅದೇ ಬಗೆಯ ವಸ್ತು ಕೊಂಡವರು ಏನು ಬರೆದಿದ್ದಾರೆ ಎಂಬುದು ಹೆಚ್ಚು ಉಪಯುಕ್ತ. ಕೀಚೈನ್ ಮಾರುತ್ತಿದ್ದ ಖಾತೆಯಲ್ಲಿ ಏಕಾಏಕಿ ಹತ್ತು ಸ್ವಿಸ್ ಗಡಿಯಾರಗಳು ಕಂಡರೆ ದೂರವಿರುವುದೇ ಲೇಸು.

## ವಸ್ತುವನ್ನು ಪರಿಶೀಲಿಸುವ ಬಗೆ

ಚಿತ್ರ ಮೊದಲ ಸಾಕ್ಷ್ಯ. ಕಂಪನಿಯ ಜಾಹೀರಾತಿನಿಂದ ಎತ್ತಿದ ಚಿತ್ರ ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಗೂಗಲ್ ಲೆನ್ಸ್‌ನಂಥ ಸಾಧನದಲ್ಲಿ ಚಿತ್ರವನ್ನು ಹುಡುಕಿದರೆ ಅದು ಬೇರೆಲ್ಲಿಂದಲೋ ಬಂದದ್ದೆಂಬುದು ಎಷ್ಟೋ ವೇಳೆ ತಿಳಿಯುತ್ತದೆ. ಅಂದಿನ ದಿನಾಂಕ ಬರೆದ ಚೀಟಿಯನ್ನು ವಸ್ತುವಿನ ಪಕ್ಕದಲ್ಲಿಟ್ಟು ಹೊಸ ಚಿತ್ರ ಕಳುಹಿಸುವಂತೆ ಕೇಳಬಹುದು. ಪ್ರಾಮಾಣಿಕ ಮಾರಾಟಗಾರರಿಗೆ ಇದು ಎರಡು ನಿಮಿಷದ ಕೆಲಸ. ಕ್ರಮಸಂಖ್ಯೆ ಇದ್ದ ಮಾತ್ರಕ್ಕೆ ಅಸಲಿಯಲ್ಲ, ಏಕೆಂದರೆ ಒಂದೇ ಸಂಖ್ಯೆಯನ್ನು ಸಾವಿರ ನಕಲಿಗಳ ಮೇಲೆ ಅಚ್ಚೊತ್ತಬಹುದು. ವಿವರಣೆಯಲ್ಲಿ ‘ಸ್ಟೈಲ್’, ‘ರೆಪ್ಲಿಕಾ’, ‘ಎಎಎ ಗುಣಮಟ್ಟ’ ಎಂಬ ಪದಗಳಿದ್ದರೆ ಅದು ಅಸಲಿಯಲ್ಲವೆಂದು ಮಾರುವವರೇ ಒಪ್ಪಿಕೊಂಡಂತೆ.

ಮೆಮೊರಿ ಕಾರ್ಡಿನ ಮೋಸ ಹೊರಗಿನಿಂದ ಕಾಣುವುದಿಲ್ಲ. ಕಡಿಮೆ ಸಾಮರ್ಥ್ಯದ ಚಿಪ್ಪಿನ ನಿಯಂತ್ರಕವನ್ನು ತಿದ್ದಿ, ತಾನು ಹಲವು ಪಟ್ಟು ದೊಡ್ಡದೆಂದು ಅದು ಕಂಪ್ಯೂಟರಿಗೆ ಹೇಳುವಂತೆ ಮಾಡಿರುತ್ತಾರೆ. ಕಂಪ್ಯೂಟರು ಅದನ್ನೇ ನಂಬಿ ತೋರಿಸುತ್ತದೆ. ನಿಜವಾದ ಮಿತಿ ದಾಟಿದ ಮೇಲೆ ಬರೆದ ಮಾಹಿತಿ ನಾಶವಾಗುತ್ತದೆ ಅಥವಾ ಹಳೆಯದರ ಮೇಲೆಯೇ ಬೀಳುತ್ತದೆ. ಮದುವೆಯ ಫೋಟೊಗಳು ಹೋದ ಮೇಲಷ್ಟೇ ಮೋಸ ಬಯಲಾಗುವುದುಂಟು. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿ, ಮತ್ತೆ ಓದಿ, ನಿಜವಾದ ಸಾಮರ್ಥ್ಯವನ್ನು ತಿಳಿಸುತ್ತದೆ. ಕಾರ್ಡು ಕೈಸೇರಿದ ದಿನವೇ ಈ ಪರೀಕ್ಷೆ ಮಾಡುವುದು ಉತ್ತಮ.

ಚಾರ್ಜರಿನಲ್ಲಿ ಪ್ರಶ್ನೆ ಹಣದ್ದಲ್ಲ, ಪ್ರಾಣದ್ದು. ಸುರಕ್ಷತಾ ಸಂಸ್ಥೆ ಯುಎಲ್ 2016ರಲ್ಲಿ ಆಪಲ್ ಹೆಸರಿನ 400 ನಕಲಿ ಅಡಾಪ್ಟರುಗಳನ್ನು ಪರೀಕ್ಷಿಸಿದಾಗ 397 ವಿಫಲವಾದವು. 12 ಅಡಾಪ್ಟರುಗಳ ಒಳರಚನೆ ಮಾರಕ ವಿದ್ಯುದಾಘಾತ ಕೊಡುವಷ್ಟು ಕೆಟ್ಟದಾಗಿತ್ತು. ಇಂಥ ವಸ್ತುವನ್ನು ಅಪರಿಚಿತ ವಿದೇಶಿ ಮಾರಾಟಗಾರರಿಂದ ಕೊಳ್ಳದಿರುವುದೇ ಸರಿ.

ಹಳೆಯ ಗಡಿಯಾರಗಳ ಕಥೆ ಕರ್ನಾಟಕಕ್ಕೂ ತಟ್ಟುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜನತಾ, ಪೈಲಟ್ ಮಾದರಿಗಳಿಗೆ ಇಂದು ಹೊರದೇಶಗಳಲ್ಲೂ ಸಂಗ್ರಾಹಕರಿದ್ದಾರೆ. ಆದರೆ ಇಬೇಯಲ್ಲಿ ಆ ಹೆಸರಿನಲ್ಲಿ ಬಿಕರಿಯಾಗುವ ಬಹಳಷ್ಟು ಗಡಿಯಾರಗಳ ಡಯಲ್‌ಗೆ ಮರುಬಣ್ಣ ಬಳಿದು, ಕಾರ್ಖಾನೆ ಎಂದೂ ತಯಾರಿಸದ ಬಣ್ಣಗಳಲ್ಲಿ ಹೊಸದಾಗಿ ಅಚ್ಚು ಹಾಕಿರುತ್ತಾರೆ. ಹಳೆಯ ಸ್ವಿಸ್ ಮತ್ತು ಜಪಾನಿ ಗಡಿಯಾರಗಳಿಗೂ ಇದೇ ಗತಿ. ವಿದೇಶಿ ಸಂಗ್ರಾಹಕರು ಇವನ್ನು ‘ಮುಂಬೈ ಸ್ಪೆಷಲ್’ ಎಂದೇ ಕರೆಯುತ್ತಾರೆ. ಅಕ್ಷರಗಳ ಅಂಚು ಕದಡಿರುವುದು, ನಿಮಿಷದ ಗೆರೆಗಳು ಏರುಪೇರಾಗಿರುವುದು, ಐವತ್ತು ವರ್ಷ ಹಳೆಯ ಕವಚದೊಳಗೆ ಹೊಚ್ಚಹೊಸ ಡಯಲ್ ಹೊಳೆಯುವುದು ಇದರ ಗುರುತುಗಳು.

ನಾಣ್ಯಗಳಲ್ಲಿ ತಕ್ಕಡಿ ಸುಳ್ಳು ಹೇಳದು. ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಮೆರಿಕದ ಮಾರ್ಗನ್ ಡಾಲರ್ 26.73 ಗ್ರಾಂ. ಸವೆತದಿಂದ ಅಲ್ಪ ತೂಕ ಇಳಿಯಬಹುದು, ಒಂದೆರಡು ಗ್ರಾಂ ಇಳಿಯದು. ಆಯಸ್ಕಾಂತಕ್ಕೆ ಅಂಟುವ ಬೆಳ್ಳಿ ನಾಣ್ಯ ಬೆಳ್ಳಿಯದಲ್ಲ.

## ಪಾವತಿ ಮತ್ತು ಮರುಪಾವತಿ

ತಾಣದ ಒಳಗೇ ಹಣ ಪಾವತಿಸಬೇಕು. ಹೊರಗೆ ನೇರವಾಗಿ ಕಳುಹಿಸಿದರೆ ಬೆಲೆ ಇಳಿಸುತ್ತೇನೆ ಎಂಬ ಆಹ್ವಾನವನ್ನು ಒಪ್ಪಿದ ಕ್ಷಣವೇ ತಾಣದ ರಕ್ಷಣೆ ತಪ್ಪುತ್ತದೆ. ಇಬೇಯ ಖಾತರಿಯಲ್ಲಿ ದೂರು ಕೊಡಲು ವಸ್ತು ತಲುಪಿದ ಮೇಲೆ ಸಾಮಾನ್ಯವಾಗಿ 30 ದಿನಗಳ ಅವಕಾಶವಿದೆ. ಪೇಪಾಲ್‌ನಲ್ಲಿ ಪಾವತಿಯಿಂದ 180 ದಿನ. ಆದರೆ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ವಿಧಾನದಲ್ಲಿ ಕಳುಹಿಸಿದ ಹಣಕ್ಕೆ ಈ ರಕ್ಷಣೆಯಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ ಕೋರಬಹುದು. ವೀಸಾ ನಿಯಮಗಳಲ್ಲಿ ನಕಲಿ ಸರಕಿಗೆಂದೇ ಪ್ರತ್ಯೇಕ ವಿವಾದ ವರ್ಗವಿದೆ. ಪೊಟ್ಟಣ ಬಿಚ್ಚುವಾಗಲೇ ವಿಡಿಯೊ ಮಾಡಿಟ್ಟುಕೊಂಡರೆ ದೂರಿಗೆ ಬಲ ಬರುತ್ತದೆ.

## ಗಡಿಯಲ್ಲಿ ಕಾನೂನು

ಭಾರತದಲ್ಲಿ ನಕಲಿ ಆಮದನ್ನು ತಡೆಯಲು 2007ರ ಬೌದ್ಧಿಕ ಸ್ವತ್ತಿನ ಹಕ್ಕುಗಳ ಜಾರಿ ನಿಯಮಗಳಿವೆ. ಚಿಹ್ನೆಯ ಒಡೆಯರು ಕಸ್ಟಮ್ಸ್‌ನಲ್ಲಿ ನೋಂದಾಯಿಸಿಕೊಂಡರೆ ಅಧಿಕಾರಿಗಳು ಅನುಮಾನಾಸ್ಪದ ಸರಕನ್ನು ತಡೆಹಿಡಿಯಬಹುದು. ಸ್ವಂತ ಬಳಕೆಗೆಂದು ಬರುವ ಚಿಕ್ಕ ಪೊಟ್ಟಣಗಳಿಗೆ ಈ ನಿಯಮಗಳು ಅನ್ವಯಿಸವು. ಜಪಾನ್ ಬೇರೆ ದಾರಿ ಹಿಡಿದಿದೆ: 2022ರ ಅಕ್ಟೋಬರ್‌ನಿಂದ ಅಲ್ಲಿ, ವಿದೇಶಿ ವ್ಯಾಪಾರಿ ಕಳುಹಿಸಿದ ನಕಲಿಯನ್ನು ಅದು ಸ್ವಂತ ಬಳಕೆಯದಾದರೂ ಮುಟ್ಟುಗೋಲು ಹಾಕಿಕೊಳ್ಳಬಹುದು.

ಮೋಸ ಹೋದವರು ಆ ವಸ್ತುವನ್ನು ಇನ್ನೊಬ್ಬರಿಗೆ ದಾಟಿಸಿ ಹಣ ಹಿಂಪಡೆಯಲು ಯತ್ನಿಸುವುದುಂಟು. ನಕಲಿಯೆಂದು ತಿಳಿದೂ ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ಅಪರಾಧ. ಅದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.