ವಿಜಯನಗರದಲ್ಲಿ ಹೊರ್ಮುಜಿನ ವರ್ತಕರು

ಬುಕ್ಕಸಾಗರದ ಕಡೆಯವರಾದ ನಮಗೆ ತಳವಾರಘಟ್ಟದ ದಾರಿಯ ಮಸೀದಿಯೂ ಗೋರಿಗಳೂ ಪರಿಚಿತವಾದುವು. ಇದು ಪರದೇಶದ ವರ್ತಕರ ಕೇರಿಯಾಗಿದ್ದಿತೆಂದು ಹೇಳುವುದುಂಟು, ಒಪ್ಪತಕ್ಕ ಮಾತಲ್ಲ. ಕ್ರಿ.ಶ. 1439ರಲ್ಲಿ ಆ ಮಸೀದಿಯನ್ನು ಕಟ್ಟಿಸಿದ ಅಹಮದಖಾನನು ಇಮ್ಮಡಿ ದೇವರಾಯನ ಸೇವಕನು. ಅವನ ಶಾಸನವು ಕನ್ನಡದ್ದು. ಕಟ್ಟಡವನ್ನು ಧರ್ಮಸಾಲೆಯೆಂದೇ ಕರೆಯುತ್ತದೆ. 1520ರ ಸುಮಾರಿಗೆ ಬಂದ ಪೇಯಸನೂ ಪಟ್ಟಣದಂಚಿನ ಮುಸಲ್ಮಾನರ ಕೇರಿಯಲ್ಲಿ ಅನೇಕರು ಈ ನಾಡಿನಲ್ಲಿಯೇ ಹುಟ್ಟಿ ದೊರೆಯ ಕಾವಲಿನಲ್ಲಿ ಸಂಬಳ ಪಡೆಯುವವರೆಂದಿದ್ದಾನೆ.

ಹಾಗಾದರೆ ವರ್ತಕರೆಲ್ಲಿ? ಹೊರ್ಮುಜಿನವರು ಪಟ್ಟಣದಲ್ಲಿದ್ದುದಂತೂ ನಿಶ್ಚಯ. 1443ರಲ್ಲಿ ಹಿರಾತಿನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ನಿಜವಾದ ರಾಯಭಾರಿಯೇ ಅಲ್ಲವೆಂದು ಸುದ್ದಿ ಹಬ್ಬಿಸಿ ಅವನ ಮರ್ಯಾದೆಗೆ ಕುಂದು ತಂದವರು ಇವರೇ. ಅನ್ಯದೇಶೀಯರ ಮಾತಿಗೆ ಅರಮನೆಯಲ್ಲಿ ಇಷ್ಟು ಬೆಲೆಯಿದ್ದುದಕ್ಕೆ ಕಾರಣ ಕುದುರೆಯೆಂದೇ ನಮ್ಮ ಊಹೆ. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್ನಿನ ಕುದುರೆಗಳಿಗೆ, ಸತ್ತರೂ, ಬೆಲೆ ಕೊಡುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತುವುಗಳ ಬಾಲವನ್ನು ತಂದೊಪ್ಪಿಸಿದರೆ ಸಾಕಾಗಿತ್ತೆಂದೂ ನೂನಿಜನು ಬರೆಯುತ್ತಾನೆ. ಅವನೂ ಕುದುರೆಯ ವ್ಯಾಪಾರಿಯೆಂದು ಹೇಳುವರಾದುದರಿಂದ ಇದನ್ನು ತುಸು ಎಚ್ಚರಿಕೆಯಿಂದ ಓದಬೇಕು. ಮಹಾನವಮಿ ದಿಬ್ಬದ ಶಿಲ್ಪಿಯಾದರೋ ಈ ಪರದೇಶಿಗಳನ್ನು ಕುದುರೆಗಳೊಡನೆಯೇ ಕಲ್ಲಿನಲ್ಲಿ ಕಡೆದಿಟ್ಟಿದ್ದಾನೆ.