ಎಲ್ಲರೂ ಇಳಿಯುವ ನೀರು

ಯಲಹಂಕದ ಆಚೆಯ ಒಂದು ಹಳ್ಳಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ನಾನು ಈಜು ಕಲಿತದ್ದು ಊರ ಕೆರೆಯಲ್ಲಿ. ಅದೇ ನೀರಿನಲ್ಲಿ ಎಮ್ಮೆಗಳು ಮೀಯುತ್ತಿದ್ದವು. ಅದೇ ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು. ಒಂದು ಮಳೆಗಾಲದಲ್ಲಿ ನಮ್ಮ ಜೊತೆಗಾರನೊಬ್ಬ ಮುಳುಗಿದ. ದಡದ ಮೇಲೆ ಹತ್ತಾರು ಜನರಿದ್ದರು. ನೀರು ದೊಡ್ಡವರಿಗೆ ಎದೆಮಟ್ಟ. ಆದರೆ ಕೆಮ್ಮಣ್ಣು ಕದಡಿದ ಆ ನೀರಿನಲ್ಲಿ ಅವನೆಲ್ಲಿರುವನೆಂದು ಯಾರಿಗೂ ಕಾಣಲಿಲ್ಲ. ಕಾಲಿನಿಂದ ತಡವಿ ಹುಡುಕಿದರು. ಸಿಕ್ಕುವಷ್ಟರಲ್ಲಿ ಹೊತ್ತು ಮೀರಿತ್ತು. ನೀರಿನ ನೈರ್ಮಲ್ಯ, ನೀರಿಗಿಳಿದವನ ಕ್ಷೇಮ ಇವೆರಡೂ ಒಂದೇ ಮಾತೆಂಬುದು ನನಗೆ ಅರಿವಾದದ್ದು ಬಹಳ ವರ್ಷಗಳ ಮೇಲೆ.

ನಮ್ಮ ಹಿರಿಯರು ನೀರಿನ ವಿಷಯದಲ್ಲಿ ಉದಾಸೀನರಾಗಿದ್ದರೆಂದಲ್ಲ. ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’ವೆಂಬ ಮಾತು ಪರಿಚಿತ, ಕೆರೆಯ ಸಲುವಾಗಿ ಬಿಟ್ಟ ದತ್ತಿ ಅದು. ಹೂಳು ಸಾಗಿಸುವ ಬಂಡಿಗೂ ದತ್ತಿ ಬಿಟ್ಟವರುಂಟು. ತೂಬನ್ನೆತ್ತಿ ಗದ್ದೆಗದ್ದೆಗೆ ಪಾಲು ಹಂಚಲು ನೀರುಗಂಟಿಯಿದ್ದ. ಆದರೆ ಈ ಏರ್ಪಾಡೆಲ್ಲ ಕಾದದ್ದು ಮುಖ್ಯವಾಗಿ ನೀರಿನ ಮೊತ್ತವನ್ನು. ನೀರಿನ ಬಳಿ ನಾವು ಕಾದದ್ದು ಮಡಿಯನ್ನು, ಶುಚಿಯನ್ನಲ್ಲ. ಎಮ್ಮೆ ಇಳಿದ ಕೆರೆಗೆ ಮನುಷ್ಯ ಇಳಿಯಬಾರದೆಂಬ ಕಟ್ಟಳೆಯನ್ನು ಮುರಿಯಲು 1927ರಲ್ಲಿ ಅಂಬೇಡ್ಕರರು ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿದು ತೋರಿಸಬೇಕಾಯಿತು.

ಕಣ್ಣಿಗೆ ಕಾಣದ ಕೊಳೆಯ ಅರಿವು ಬಂದದ್ದು ತಡವಾಗಿ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ, ಕಾಲರಾ ಹಬ್ಬುತ್ತಿದ್ದುದು ಒಂದು ಬೀದಿಯ ಪಂಪಿನ ನೀರಿನಿಂದ ಎಂದು ತೋರಿಸಿದ. ಬೆಂಗಳೂರಿಗೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬಂತು. ಅಂದಿನಿಂದ ಊರ ಕೆರೆಯ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ವಿಂಗಡಣೆ ನಗರದಲ್ಲಿ ನೆಲೆಯೂರಿತು.

ಹಳ್ಳಿಗಳಲ್ಲಿ ಈ ವಿಂಗಡಣೆಗೆ ಇನ್ನೂ ನೂರು ವರ್ಷ ಹಿಡಿಯಿತು. ನಾರುಹುಣ್ಣಿನ ಕಥೆಯನ್ನೇ ನೋಡಿ. ಹುಣ್ಣಿನ ಕಾಲನ್ನು ಮೆಟ್ಟಿಲು ಬಾವಿಯಲ್ಲಿ ಇಟ್ಟೊಡನೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ನುಂಗಿದ ನೀರುಚಿಗಟಗಳು ಬಿಂದಿಗೆಯ ಮೂಲಕ ಮತ್ತೊಬ್ಬರ ಹೊಟ್ಟೆ ಸೇರುತ್ತವೆ. ಕರ್ನಾಟಕವೂ ಈ ರೋಗದಿಂದ ಬಳಲಿದ ರಾಜ್ಯ. ಇದಕ್ಕೆ ಲಸಿಕೆಯಿರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆ ಬಾವಿ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ಭಾರತ ಮುಕ್ತವೆಂದು ಘೋಷಿತವಾಯಿತು. ಅಂದರೆ ನೀರಿನಿಂದ ಕಾಲನ್ನು ದೂರವಿಟ್ಟು ನಾವು ಗೆದ್ದೆವು.

ಆದರೆ ಈಜುಕೊಳದಲ್ಲಿ ಕಾಲನ್ನು ದೂರವಿಡುವಂತಿಲ್ಲ. ಎಲ್ಲರೂ ಇಳಿಯಬೇಕು, ನೀರು ಕೆಡಬಾರದು. ಇದು ಹೊಸ ಬಗೆಯ ಸವಾಲು. ಅದಕ್ಕಾಗಿ ನೀರು ಮರಳಿನ ಸೋಸುಕದ ಮೂಲಕ ಸುತ್ತುತ್ತಲೇ ಇರಬೇಕು, ಕ್ಲೋರಿನ್ ಅಳತೆಯಲ್ಲಿರಬೇಕು, ನೀರಿನ ಕ್ಷಾರ ಹೆಚ್ಚಿದರೆ ಅದರ ಶಕ್ತಿ ಕುಂದುತ್ತದೆ. ಮೂಗಿಗಡರುವ ಘಾಟು ಶುದ್ಧಿಯ ಗುರುತೆಂದು ನಾನೂ ಭಾವಿಸಿದ್ದೆ. ಅದು ಹಾಗಲ್ಲ, ನಮ್ಮ ಬೆವರು, ಮೂತ್ರಗಳೊಡನೆ ಕ್ಲೋರಿನ್ ಬೆರೆತು ಹುಟ್ಟುವ ವಾಸನೆ ಅದು. ಮೊದಲು ಮಿಂದು ಬರಬೇಕೆಂಬ ನಿಯಮ ಬರಿಯ ಶಿಷ್ಟಾಚಾರವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದಡದಲ್ಲಿ ನಿಂತವನಿಗೆ ಕೊಳದ ತಳ ನಿಚ್ಚಳವಾಗಿ ಕಾಣಬೇಕು. ಮುಳುಗುವವನು ಬಹುಮಟ್ಟಿಗೆ ಕೂಗುವುದಿಲ್ಲ. ಅವನನ್ನು ಕಣ್ಣೇ ಹುಡುಕಬೇಕು.

ಕಳೆದ ಬೇಸಿಗೆಯಲ್ಲಿ ಮೊಮ್ಮಗನನ್ನು ಹೆಬ್ಬಾಳದ ಕಡೆಯ ಒಂದು ಕೊಳಕ್ಕೆ ಕರೆದೊಯ್ದಿದ್ದೆ. ಅಲ್ಲಿಯ ಕೆಲಸಗಾರ ಚಿಕ್ಕ ಗಾಜಿನ ನಳಿಗೆಯಲ್ಲಿ ನೀರು ತುಂಬಿ, ಔಷಧ ಬೆರೆಸಿ, ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮೀಯದೆ ಓಡಿಬಂದ ನನ್ನ ಮೊಮ್ಮಗನನ್ನು ತಡೆದು, “ಮೊದಲು ಸ್ನಾನ ಮಾಡಿ ಬಾ ಮರಿ” ಎಂದ. ಹುಡುಗ ಮುನಿಸಿನಿಂದ ನನ್ನತ್ತ ನೋಡಿದ. “ಅವರು ಹೇಳಿದಂತೆ ಮಾಡಪ್ಪ” ಎಂದೆ. ಅವನು ಹಿಂದಿರುಗಿ ಬಂದು ನೀರಿಗಿಳಿದಾಗ, ತಳದ ಬಿಳಿಯ ಬಿಲ್ಲೆಗಳ ಮೇಲೆ ಅವನ ನೆರಳು ಚಲಿಸುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕೆಲಸಗಾರನ ಹುದ್ದೆಗೆ ಏನು ಹೆಸರಿದೆಯೋ ಕೇಳಲಿಲ್ಲ. ನನ್ನ ಮಟ್ಟಿಗೆ ಅವನು ನೀರುಗಂಟಿ.