ಬೆಳೆಹಬ್ಬದ ಏಲಂ

ಬಾಸೆಲ್ ಮಿಶನ್ನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ನೆಟ್ಟ ಸಭೆಗಳಲ್ಲಿ ಬೇರೂರಿದ ಬೆಳೆಹಬ್ಬಕ್ಕೆ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವೇ ಆಧಾರ: ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ದೇವರ ಸನ್ನಿಧಿಗೆ ತರತಕ್ಕದ್ದು. ಉಳ್ಳವನ ಅಕ್ಕಿಮುಡಿಯೂ ಬಡವಿಧವೆಯ ಕುಂಬಳಕಾಯಿಯೂ ಅಲ್ಲಿ ಒಂದೇ ಸಾಲಿನವು. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಏಲಂ. ಕೊಂಡವನೇ ವಸ್ತುವನ್ನು ಮರಳಿ ಕಾಣಿಕೆಯಾಗಿ ಒಪ್ಪಿಸುವುದುಂಟು. ಹೀಗೆ ಒಂದೇ ಕಾಯಿ ಎರಡು ಮೂರು ಬಾರಿ ಮಾರಾಟವಾಗಿ ಸಂತೆಯಲ್ಲಿ ಕಾಣದ ಬೆಲೆಗೆ ಏರುತ್ತದೆ. (ಲೆಕ್ಕ ಕಲಿಸುವವರಿಗೆ ಇದೊಂದು ಒಗಟೇ ಸರಿ!)

1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು. ಮಿಶನ್ನಿನ ಹಂಚಿನ, ನೇಯ್ಗೆಯ ಕಾರ್ಖಾನೆಗಳೂ ಕೈತಪ್ಪಿದುವು. ಸಭೆಗಳು ತಮ್ಮ ಕಾಣಿಕೆಯನ್ನೇ ನೆಚ್ಚಬೇಕಾಯಿತು. ಆ ಬಳಿಕ ಏಲವು ಬರಿಯ ವಿನೋದವಾಗಿ ಉಳಿಯಲಿಲ್ಲ. ಅಕ್ಕಿಮುಡಿಯಂತೆ ಒಂದು ಕೋಳಿಮೊಟ್ಟೆಯೂ ಸಭೆಯ ಜಮಾಖರ್ಚಿನ ಪುಸ್ತಕವನ್ನು ಸೇರಿತು.